899 ರೂಪಾಯಿ ಕೊಟ್ಟು ‘ಕ್ರಿಮಿನಲ್ ರೆಕಾರ್ಡ್’ ರಿಪೋರ್ಟ್ ತರಿಸಿಕೊಂಡೆ

ಐದಕ್ಕೆ ಒಂದು ಸ್ಟಾರ್. ಅದೂ ಪಿಡಿಎಫ್ ಹೇಳಿದ ಟೈಮಿಗೆ ಬಂತಲ್ಲ ಅನ್ನೋದಕ್ಕೆ.

ಅಮ್ಮನಿಗೆ ಮಂಡಿನೋವು, ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಹೋಗಬೇಕು. ಅಮ್ಮ ಇರೋದು ಮೈಸೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಅಪ್ಪನ ಹಳೇ ಕಾರು ಧೂಳು ತಿನ್ನುತ್ತಾ ನಿಂತಿತ್ತು. ಪಕ್ಕದ ಬೀದಿ ಅಂಗಡಿಯವರು ಒಬ್ಬ ಡ್ರೈವರ್ ಹುಡುಗನನ್ನು ಹೇಳಿದರು, ಅಮ್ಮನಿಗೆ ಒಂದೇ ದಿನಕ್ಕೆ ಇಷ್ಟವಾದ. ನನಗೆ ಮಾತ್ರ, ಒಬ್ಬರೇ ಇರೋ ಮನೆಗೆ ಗುರುತಿಲ್ಲದವನು ದಿನಾ ಬಂದು ಹೋಗ್ತಾನೆ ಅಂದರೆ ನಿದ್ದೆ ಹತ್ತಲಿಲ್ಲ. ಹಿಂದೆ ಎಲ್ಲಾದರೂ ಅರೆಸ್ಟ್ ಆಗಿದ್ದಾನಾ, ಏನಾದರೂ ಕೇಸ್ ಇದೆಯಾ, ನೋಡಿಬಿಡೋಣ ಅಂತ ಗೂಗಲ್ ಮಾಡಿದೆ. ಮೊದಲು ಬಂದಿದ್ದೇ ಈ ಕಂಪನಿಯ ಜಾಹೀರಾತು. ಹೆಸರು ಹೇಳೋಕೆ ಹೋಗಲ್ಲ, ಈ ಥರದ್ದು ಬೇಕಾದಷ್ಟಿವೆ. ಅವನು ವಾಟ್ಸಾಪ್‌ನಲ್ಲಿ ಕಳಿಸಿದ್ದ ಡಿಎಲ್ ನೋಡಿಕೊಂಡು ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ಎಲ್ಲ ತುಂಬಿ 899 ಕಟ್ಟಿದೆ. ಅವನನ್ನು ಒಂದು ಮಾತು ಕೇಳಲೂ ಇಲ್ಲ. ಅದು ನನ್ನ ತಪ್ಪೇ.

ಎರಡು ದಿನಕ್ಕೆ ರಿಪೋರ್ಟ್ ಬಂತು, ಹನ್ನೊಂದು ಪುಟ. ಮೊದಲ ಪುಟದಲ್ಲೇ ಕೆಂಪು ಪಟ್ಟಿ, ಅದರೊಳಗೆ ‘ಹೈ ರಿಸ್ಕ್’. ಐಪಿಸಿ 381, ಅಂದರೆ ಕೆಲಸಕ್ಕಿದ್ದವನೇ ಯಜಮಾನನ ಮನೆಯಲ್ಲೋ ಅಂಗಡಿಯಲ್ಲೋ ಕದ್ದ ಕೇಸು. ಹೊಟ್ಟೆ ತೊಳೆಸಿದ ಹಾಗಾಯಿತು. ಅಮ್ಮನಿಗೆ ಫೋನ್ ಮಾಡಿ ‘ನಾಳೆಯಿಂದ ಅವನು ಬರೋದು ಬೇಡ’ ಅಂದೆ. ಅಮ್ಮ ‘ಏನೇ ನಿಂದು, ಅವನು ಗಾಡಿ ತೊಳೆದು, ಹಳೇ ವೈಪರ್ ಕೂಡ ಬದಲಾಯಿಸಿದ್ದಾನೆ’ ಅಂತ ನನಗೇ ಬೈದರು.

ಅದಕ್ಕೇ ಅವತ್ತು ರಾತ್ರಿ ರಿಪೋರ್ಟನ್ನು ಸರಿಯಾಗಿ ಓದಿದೆ. ಹನ್ನೊಂದರಲ್ಲಿ ಕೇಸಿನ ವಿವರ ಇದ್ದಿದ್ದು ಅರ್ಧ ಪುಟ. ಮಿಕ್ಕಿದ್ದೆಲ್ಲ ಲೋಗೋ, ಬಣ್ಣದ ಮೀಟರು, ‘ಈ ಮಾಹಿತಿಗೆ ನಾವು ಹೊಣೆಯಲ್ಲ’ ಅನ್ನೋ ಸಣ್ಣಕ್ಷರ. ಆ ಅರ್ಧ ಪುಟದಲ್ಲಿ ಒಂದು ಸಿಎನ್‌ಆರ್ ನಂಬರ್ ಇತ್ತು. ಇದು ಕೋರ್ಟಿನಲ್ಲಿ ಪ್ರತಿ ಕೇಸಿಗೂ ಕೊಡೋ 16 ಅಕ್ಷರದ ನಂಬರ್, ನಮ್ಮ ರಾಜ್ಯದ್ದು ಕೆಎ ಅಂತ ಶುರುವಾಗುತ್ತದೆ. ಇ-ಕೋರ್ಟ್ಸ್ ಸೈಟಿಗೆ ಹೋಗಿ ಅದನ್ನು ಹಾಕಿ, ಕ್ಯಾಪ್ಚಾ ತುಂಬಿದರೆ (ಕನ್ನಡಕ ಇಲ್ಲದೆ ಕೂತು ಮೂರು ಸಲ ತಪ್ಪು ಹೊಡೆದೆ, ಅದು ಬೇರೆ ವಿಷಯ) ಇಡೀ ಕೇಸು ತೆರೆದುಕೊಂಡಿತು. ಯಾವ ಕೋರ್ಟು, ಮುಂದಿನ ತಾರೀಕು ಯಾವುದು, ಯಾವ ಠಾಣೆ, ಎಫ್‌ಐಆರ್ ನಂಬರ್ ಎಷ್ಟು, ಎಲ್ಲ. ಒಂದು ಪೈಸೆ ಖರ್ಚಿಲ್ಲ. ಅಂದರೆ ನಾನು 899 ಕೊಟ್ಟಿದ್ದು ಪುಕ್ಕಟೆ ಸಿಗೋದನ್ನು ಕೆಂಪು ಪಟ್ಟಿ ಹಚ್ಚಿ ಕೊಟ್ಟಿದ್ದಕ್ಕೆ.

ಎಫ್‌ಐಆರ್ ನಂಬರ್ ಸಿಕ್ಕಿತಲ್ಲ, ಮುಂದಿನದು ಸುಲಭ. ನಮ್ಮ ರಾಜ್ಯದ ಪೊಲೀಸ್ ಸೈಟಿನಲ್ಲಿ ಎಫ್‌ಐಆರ್ ಹುಡುಕೋ ಜಾಗ ಇದೆ. ಜಿಲ್ಲೆ, ಠಾಣೆ, ನಂಬರ್, ವರ್ಷ ಹಾಕಬೇಕು. ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಕೇಸಿನಲ್ಲಿ ಹೇಳಿದ ಮೇಲೆ ಎಫ್‌ಐಆರ್ ಆಗಿ 24 ಗಂಟೆಯೊಳಗೆ ಸೈಟಿಗೆ ಹಾಕಬೇಕು. ನೆಟ್ ಸಿಗದ ದೂರದ ಜಾಗಗಳಿಗೆ 72 ಗಂಟೆವರೆಗೆ ಟೈಮ್ ಇದೆ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಥರದ ಸೂಕ್ಷ್ಮ ಕೇಸುಗಳನ್ನು ಹಾಕೋದಿಲ್ಲ, ಹಾಕಲೂಬಾರದು. ನನಗೆ ಬೇಕಾಗಿದ್ದು ಸಿಕ್ಕಿತು. ಅಂಗಡಿ ಯಜಮಾನರೊಬ್ಬರು ಕೊಟ್ಟ ದೂರು. ಆರೋಪಿಯ ವಿವರ ಇರೋ ಕಡೆ ನೋಡಿದರೆ ವಯಸ್ಸು 46, ಅಪ್ಪನ ಹೆಸರು ಬೇರೆ, ಊರು ಹುಬ್ಬಳ್ಳಿ ಕಡೆಯದು. ನಮ್ಮ ಹುಡುಗನಿಗೆ 29!

ಹೆಸರು ಒಂದೇ, ಅಷ್ಟೇ. ನಮ್ಮಲ್ಲಿ ಮಂಜುನಾಥ, ನಾಗರಾಜ, ರವಿ ಅಂತ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನ ತಿರುಗಿ ನೋಡ್ತಾರೆ, ಅಲ್ವಾ? ಅಪ್ಪನ ಹೆಸರು, ಹುಟ್ಟಿದ ತಾರೀಕು ನನ್ನಿಂದ ಕೇಳಿ ಪಡೆದವರು ಅದನ್ನು ಹೋಲಿಸಿ ನೋಡೋ ಕೆಲಸವನ್ನೇ ಮಾಡಿಲ್ಲ. ಬರೀ ಹೆಸರು ಹೊಂದಿತು, ಕೆಂಪು ಹಚ್ಚಿದರು. ಈ ರಿಪೋರ್ಟ್ ನೋಡಿ ಎಷ್ಟು ಜನ ಕೆಲಸ ಕಳೆದುಕೊಂಡಿರಬಹುದೋ.

ಮಾರನೇ ದಿನ ಆ ಹುಡುಗನಿಗೆ ಫೋನ್ ಮಾಡಿ ಇದ್ದಿದ್ದು ಇದ್ದ ಹಾಗೆ ಹೇಳಿದೆ, ಸಾರಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಅಕ್ಕ, ಅದು ನಂದಲ್ಲ. ಆದ್ರೆ ನಂದೂ ಒಂದು ಕೇಸ್ ಇತ್ತು’ ಅಂದ. 2017ರಲ್ಲಿ ಅವರೂರ ಜಾತ್ರೆಯಲ್ಲಿ ಎರಡು ಗುಂಪಿನ ನಡುವೆ ಗಲಾಟೆ, ಎಂಟು ಜನರ ಮೇಲೆ ಐಪಿಸಿ 143, 147, 323, 504, ಅಂದರೆ ಅಕ್ರಮ ಕೂಟ, ದೊಂಬಿ, ಹೊಡೆದಾಟ, ಬೈದು ಕೆಣಕಿದ್ದು. ಠಾಣೆಯಲ್ಲೇ ಬೇಲ್ ಸಿಕ್ಕಿತ್ತು, ಒಂದು ರಾತ್ರಿಯೂ ಒಳಗಿರಲಿಲ್ಲ. ಎರಡು ವರ್ಷ ಕೋರ್ಟಿಗೆ ಅಲೆದಮೇಲೆ ಸಾಕ್ಷಿಗಳು ಉಲ್ಟಾ ಹೊಡೆದು ಎಲ್ಲರೂ ಖುಲಾಸೆ.

ಇದು ಹನ್ನೊಂದು ಪುಟದ ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ. ಯಾರದೋ ಕೇಸು ಇವನ ತಲೆಗೆ ಕಟ್ಟಿದರು, ಇವನದೇ ಕೇಸು ಬಿಟ್ಟರು.

ಯಾಕೆ ಬಿಟ್ಟುಹೋಯಿತು ಅಂತ ನಾನೇ ಹುಡುಕಿದೆ. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿಯೂ ಹುಡುಕಬಹುದು. ಆದರೆ ಇಡೀ ದೇಶದಲ್ಲಿ ಒಂದೇ ಸಲ ಅಲ್ಲ. ರಾಜ್ಯ, ಜಿಲ್ಲೆ, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಿ, ವರ್ಷ ಹಾಕಿ, ನಡೀತಿರೋದಾ ಮುಗಿದಿದ್ದಾ ಅಂತ ಹೇಳಬೇಕು. ತಾಲ್ಲೂಕು ಗೊತ್ತಿದ್ದರೂ ನನಗೆ ಮೊದಲು ಸಿಗಲಿಲ್ಲ. ಅವನು ಹಳೇ ಕೋರ್ಟ್ ಕಾಗದದ ಫೋಟೋ ಕಳಿಸಿದ, ಅದರಲ್ಲಿದ್ದ ಸಿಸಿ ನಂಬರ್ (ಆ ಕೋರ್ಟು ಕ್ರಿಮಿನಲ್ ಕೇಸಿಗೆ ಕೊಡೋ ನಂಬರ್) ಹಾಕಿದ ಮೇಲೆ ಕೇಸು ಬಂತು, ‘ಅಕ್ವಿಟೆಡ್’ ಅಂತಲೂ ಇತ್ತು. ನೋಡಿದರೆ ಅವನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಡಿಎಲ್‌ನಲ್ಲಿ ಒಂದು ಥರ, ಕೋರ್ಟಿನಲ್ಲಿ ಇನ್ನೊಂದು ಥರ. ಒಂದು ‘ಎಚ್’ ಜಾಸ್ತಿ. ಹಾಗಾಗಿ ಹೆಸರು ಹಾಕಿ ಹುಡುಕೋರಿಗೆ ನನ್ನ ಸಲಹೆ: ಮೂರ್ನಾಲ್ಕು ಥರ ಸ್ಪೆಲ್ಲಿಂಗ್ ಹಾಕಿ ನೋಡಿ. ಏನಾದರೂ ಸಿಕ್ಕಿದರೆ ಅಪ್ಪನ ಹೆಸರು, ವಯಸ್ಸು ತಾಳೆ ನೋಡದೆ ಒಂದು ಮಾತೂ ಆಡಬೇಡಿ. ಎಫ್‌ಐಆರ್‌ನಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಅರೆಸ್ಟ್ ಆಗಿದ್ದ ಅಂತಲೂ ಅಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಎಷ್ಟೋ ಕೇಸುಗಳಲ್ಲಿ ಬರೀ ನೋಟಿಸ್ ಕೊಟ್ಟು ಕರೆಸ್ತಾರೆ.

ಇ-ಕೋರ್ಟ್ಸ್‌ಗೆ ನಾಲ್ಕು ಸ್ಟಾರ್ ಕೊಡ್ತೀನಿ. ಎಫ್‌ಐಆರ್ ಸೈಟಿಗೆ ಮೂರೂವರೆ, ನಂಬರ್ ಕೈಲಿದ್ದರೆ ಮಾತ್ರ ಅದು ಬೆಣ್ಣೆ.

ಹಾಗಾದರೆ ಅರೆಸ್ಟ್ ಆದವರ ಪಟ್ಟಿ ಅಂತಲೇ ಒಂದು ಎಲ್ಲೂ ಇಲ್ವಾ? ಕಾನೂನಿನಲ್ಲಿದೆ. ಅರೆಸ್ಟ್, ತನಿಖೆ, ವಿಚಾರಣೆ ಹೇಗೆ ನಡೀಬೇಕು ಅನ್ನೋ ಹೊಸ ಕಾನೂನು, 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನ 37ನೇ ಸೆಕ್ಷನ್ ನೋಡಿ. ಪ್ರತಿ ಠಾಣೆಯಲ್ಲೂ ಎಎಸ್‌ಐ (ಅಸಿಸ್ಟೆಂಟ್ ಸಬ್‌ಇನ್‌ಸ್ಪೆಕ್ಟರ್) ದರ್ಜೆಗಿಂತ ಕಡಿಮೆ ಇಲ್ಲದ ಒಬ್ಬ ಅಧಿಕಾರಿ, ಅರೆಸ್ಟ್ ಆದವರ ಹೆಸರು, ವಿಳಾಸ, ಯಾವ ಅಪರಾಧ ಅನ್ನೋದನ್ನು ಬರೆದಿಡಬೇಕು, ಅದು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಜನರಿಗೆ ಕಾಣೋ ಹಾಗೆ ಇರಬೇಕು. ಹಳೇ ಸಿಆರ್‌ಪಿಸಿಯ 41ಸಿಯಲ್ಲೂ ಕಂಟ್ರೋಲ್ ರೂಮಿನ ಹೊರಗೆ ಬೋರ್ಡ್ ಹಾಕಬೇಕು ಅಂತ ಇತ್ತು.

ಕುತೂಹಲ ತಡೆಯಲಾರದೆ ಒಂದು ಠಾಣೆಗೆ ಹೋದೆ. ಯಾವುದು ಅಂತ ಕೇಳಬೇಡಿ. ಹೆಡ್ ಕಾನ್‌ಸ್ಟೇಬಲ್ ‘ಏನ್ ಮೇಡಂ, ಕಂಪ್ಲೇಂಟಾ?’ ಅಂದರು.

‘ಇಲ್ಲ ಸಾರ್, ಬೋರ್ಡ್ ನೋಡೋಕೆ.’

‘ಯಾವ ಬೋರ್ಡು?’

‘ಅರೆಸ್ಟ್ ಆದವರದ್ದು.’

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ನಿಮ್ಮೋರು ಯಾರಾದ್ರೂ ಒಳಗಿದಾರಾ?’ ‘ಇಲ್ಲ.’ ‘ಮತ್ಯಾಕೆ?’ ಉತ್ತರ ಹೇಳೋಕೆ ಗೊತ್ತಾಗಲಿಲ್ಲ. ಪಾಪ, ಒಳ್ಳೆಯವರೇ, ಬೀರು ಪಕ್ಕದ ಗೋಡೆ ತೋರಿಸಿದರು. ಒಂದು ಕಪ್ಪು ಹಲಗೆ, ಬಿಳಿ ಬಣ್ಣದಲ್ಲಿ ಗೆರೆ ಹೊಡೆದ ಕಾಲಂಗಳು, ಸೀಮೆಸುಣ್ಣದಲ್ಲಿ ಎರಡು ಸಾಲು. ಮೇಲಿದ್ದ ತಾರೀಕು ಹೋದ ತಿಂಗಳದ್ದು. ಹಲಗೆಯ ಅರ್ಧ ಭಾಗಕ್ಕೆ ಒಂದು ಕ್ಯಾಲೆಂಡರ್ ನೇತು ಹಾಕಿದ್ದರು.

ನನ್ನಂಥವಳಿಗೆ ಇದು ಸುಮ್ನೆ ಕುತೂಹಲ. ಆದರೆ ರಾತ್ರಿ ಮಗನನ್ನು ಜೀಪಿನಲ್ಲಿ ಕರ್ಕೊಂಡು ಹೋದರು, ಯಾವ ಠಾಣೆಗೆ ಅಂತ ಗೊತ್ತಿಲ್ಲ ಅನ್ನೋ ತಾಯಿಗೆ ಆ ಹಲಗೆ ನಿಜವಾಗಲೂ ಬೇಕು. ಅಂಥವರು ಬೋರ್ಡ್ ನಂಬಿಕೊಂಡು ಕೂರಬಾರದು. ಅರೆಸ್ಟ್ ಮಾಡಿದವರು ಮನೆಯವರಿಗೋ ಸ್ನೇಹಿತರಿಗೋ ತಿಳಿಸಲೇಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಜಿಲ್ಲಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿ. ಲಾಯರ್‌ಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಕೇಳಬಹುದು. ಆರ್‌ಟಿಐ ಕೂಡ ಇದೆ, ಹತ್ತು ರೂಪಾಯಿ ಫೀಸು, ಸಾಮಾನ್ಯವಾಗಿ 30 ದಿನ. ಜೀವ, ಸ್ವಾತಂತ್ರ್ಯದ ವಿಷಯ ಆದರೆ 48 ಗಂಟೆಯಲ್ಲಿ ಉತ್ತರ ಕೊಡಬೇಕು.

ಡ್ರೈವರ್, ಮನೆ ಕೆಲಸದವರ ವಿಚಾರಕ್ಕೆ ಬಂದರೆ ಇಷ್ಟೆಲ್ಲ ಪತ್ತೇದಾರಿ ಬೇಕೇ ಇಲ್ಲ. ರಾಜ್ಯ ಸರ್ಕಾರದ ಸೇವಾ ಸಿಂಧು ಸೈಟಿನಲ್ಲಿ ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಿದರೆ ಆಯಿತು. ನಾನು ಅದನ್ನೇ ಮೊದಲು ಮಾಡಬೇಕಿತ್ತು, ಅವನಿಗೆ ಹೇಳಿಯೇ ಮಾಡಬೇಕಿತ್ತು. ಈ ಸಲ ಹೇಳಿಯೇ ಹಾಕಿದ್ದೀನಿ. ಜಾತ್ರೆ ಕೇಸಿನ ಕಾಗದವನ್ನೂ ಜೊತೆಗೆ ಇಟ್ಟುಕೋ, ಕೇಳಿದರೆ ತೋರಿಸಬಹುದು ಅಂದೆ. ‘ಲ್ಯಾಮಿನೇಷನ್ ಮಾಡ್ಸಿಟ್ಟಿದೀನಿ ಅಕ್ಕ’ ಅಂದ.

ಕಂಪನಿಯವರಿಗೆ ಎರಡೂ ಕೇಸಿನ ವಿವರ ಹಾಕಿ ಮೇಲ್ ಮಾಡಿ, ರಿಪೋರ್ಟ್ ತಪ್ಪು, ದುಡ್ಡು ವಾಪಸ್ ಕೊಡಿ, ಅವನ ಹೆಸರಿನ ಮುಂದಿರೋ ‘ಹೈ ರಿಸ್ಕ್’ ತೆಗೀರಿ ಅಂದೆ. ದುಡ್ಡು ವಾಪಸ್ ಬರಲ್ಲ, ‘ಡೇಟಾ ಕೋರ್ಟಿನದ್ದು’ ಅಂತ ಉತ್ತರ ಬಂತು. ದುಡ್ಡು ಹೋಗಲಿ, ಆ ಕೆಂಪು ಪಟ್ಟಿ ಇನ್ನೂ ಅಲ್ಲೇ ಇದೆಯಾ, ನಾಳೆ ಇನ್ಯಾರೋ ಅವನ ಹೆಸರು ಹಾಕಿದರೆ ಮತ್ತೆ ಅದೇ ಬರುತ್ತಾ ಅಂತ ಮೂರು ಸಲ ಕೇಳಿದ್ದೀನಿ. ಅದಕ್ಕೆ ಮಾತ್ರ ಉತ್ತರ ಇಲ್ಲ.