ಸಿಟಿ ಮಧ್ಯದ ನಮ್ಮ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್: ಒಳಗಡೆ ಸೂಪರ್, ಕೌಂಟರ್ ಮಾತ್ರ ಸರಿಹೋಗ್ಬೇಕು

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 4 ಸ್ಟಾರ್ ಕೊಟ್ಟಿರೋದು ಒಳಗಡೆ ಕೂತಿರೋ ಡಾಕ್ಟರು, ನರ್ಸುಗಳಿಗೆ. ಕಟ್ ಮಾಡಿರೋ ಒಂದು ಸ್ಟಾರು ಪೂರ್ತಿ ಹೊರಗಡೆ ಕೌಂಟರ್ ಕಾರಣಕ್ಕೆ. ನಮ್ಮನೇಲಿ ಅಪ್ಪ, ಅಮ್ಮ, ನಾವಿಬ್ರು, ಮಗಳು ಎಲ್ರೂ ತುಂಬಾ ವರ್ಷದಿಂದ ಇಲ್ಲಿಗೇ ಹೋಗ್ತಿರೋದು, ಒಂದ್ಸಲ ಜ್ವರಕ್ಕೆ ಹೋಗ್ಬಂದು ಬರೀತಿರೋದಲ್ಲ ಇದು.

ಕ್ಲಿನಿಕ್ ಇರೋದು ಸಿಟಿ ನಡುಮಧ್ಯ, ಸದಾ ಗಿಜಿಗುಡೋ ಏರಿಯಾ, ಮೆಟ್ಲು ಹತ್ಬೇಕು, ವೇಟಿಂಗ್ ರೂಮ್ ಚಿಕ್ದು. ಬರೋ ಜನಾನೂ ಎಲ್ಲಾ ಥರದವ್ರು, ರಜಾ ಹಾಕಿದ್ರೆ ಆ ದಿನದ ಸಂಬಳ ಹೋಗೋರು, ಒಂಟಿಯಾಗಿರೋ ವಯಸ್ಸಾದವ್ರು, ಹಾಸ್ಟೆಲ್ ಹುಡುಗ್ರು, ಡಾಕ್ಟರ ಭಾಷೆ ಸರಿಯಾಗಿ ಬರ್ದೇ ಇರೋರು. ಒಬ್ಬೊಬ್ರಿಗೂ ಮೂರ್ನಾಲ್ಕು ತೊಂದ್ರೆ ಒಟ್ಟಿಗೇ ಇರತ್ತೆ. ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ವೇಲ್ಸ್‌ನಲ್ಲಿ ಕಾರ್ಮಿಕರ ಊರಲ್ಲಿ ಕೆಲಸ ಮಾಡ್ತಿದ್ದ ಡಾಕ್ಟರೊಬ್ರು 1971ರಲ್ಲೇ ಬರ್ದಿದ್ರು, ಒಳ್ಳೇ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವ್ರಿಗೇ ಕಮ್ಮಿ ಸಿಗತ್ತೆ ಅಂತ. ಇಂಥ ಏರಿಯಾಗಳಲ್ಲಿ ಅದು ಎಷ್ಟು ನಿಜ ಅಂತ ನೋಡಿದೀನಿ, ಅದಕ್ಕೇ ಈ ಕ್ಲಿನಿಕ್ ಬಗ್ಗೆ ಇಷ್ಟುದ್ದ ಬರೀಬೇಕು ಅನ್ಸಿದ್ದು.

ಬಿಪಿ ನೋಡೋದನ್ನೇ ತಗೊಳ್ಳಿ. ಬೇರೆ ಕಡೆ ಮೆಟ್ಲು ಹತ್ತಿ ಏದುಸಿರು ಬಿಡ್ತಾ ಬಂದವ್ರ ಕೈಗೆ, ಶರ್ಟ್ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸ್ತಾನೇ ನೋಡಿ, ಜಾಸ್ತಿ ಇದೆ ಅಂತ ಮಾತ್ರೆ ಏರ್ಸಿ ಕಳಿಸ್ತಾರೆ. ಇಲ್ಲಿ ನರ್ಸ್ ಮೊದ್ಲು ಐದು ನಿಮಿಷ ಸುಮ್ನೆ ಕೂರಿಸ್ತಾರೆ, ಬೆನ್ನು ಒರಗಿಸಿ, ಪಾದ ಎರಡೂ ನೆಲಕ್ಕೆ, ಕಾಲ್ಮೇಲೆ ಕಾಲು ಹಾಕಂಗಿಲ್ಲ, ತೋಳು ಎದೆ ಮಟ್ಟಕ್ಕೆ ಟೇಬಲ್ ಮೇಲೆ, ಮಾತಾಡಂಗಿಲ್ಲ. ಜಾಸ್ತಿ ಬಂದ್ರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡ್ತಾರೆ. ಅಮ್ಮಂಗೆ ಮೊದಲನೇ ಸಲಕ್ಕೂ ಎರಡನೇ ಸಲಕ್ಕೂ ಎಷ್ಟೋ ಸತಿ ಒಳ್ಳೇ ವ್ಯತ್ಯಾಸ ಬರತ್ತೆ. ಆ ಒಂದು ನಂಬರ್ ನೋಡಿ ತಾನೇ ಜೀವನ ಪೂರ್ತಿ ಮಾತ್ರೆ ನುಂಗು ಅನ್ನೋದು, ಅದನ್ನ ಸರಿಯಾಗಿ ನೋಡೋಕೆ ಐದು ನಿಮಿಷ ಕೊಡೋಕಾಗಲ್ವಾ ಅಂತ ನನಗೆ ಬೇರೆ ಕಡೆ ಹೋದಾಗೆಲ್ಲ ಸಿಟ್ಟು ಬರತ್ತೆ.

ಇನ್ನೊಂದು ಅಪ್ಪಂದು. ಅವ್ರಿಗೆ ಪಾದ ಊದ್ಕೊಳ್ಳೋದು ಶುರುವಾಗಿತ್ತು, ಆಸ್ಪತ್ರೆ ಒಂದ್ರಲ್ಲಿ ಅಡ್ಮಿಟ್ ಆಗಿ ಬಂದ್ಮೇಲೆ ಶುರುವಾಗಿದ್ದು. ಅಲ್ಲಿಗೇ ಫಾಲೋಅಪ್‌ಗೆ ಹೋದಾಗ ಊತಕ್ಕೆ ಅಂತ ಮೂತ್ರ ಹೋಗೋ ಮಾತ್ರೆ ಸೇರಿಸಿದ್ರು, ಅದ್ರಿಂದ ರಾತ್ರಿಯೆಲ್ಲ ಏಳೋದು, ತಲೆಸುತ್ತು. ಇಲ್ಲಿಗೆ ಬಂದಾಗ ನಮ್ಮ ಡಾಕ್ಟರ್ ಮೇಡಂ ಚೀಟಿ ನೋಡ್ಲೇ ಇಲ್ಲ, ಮನೇಲಿ ಇರೋ ಮಾತ್ರೆ ಎಲ್ಲಾ ಒಂದು ಕವರ್‌ಗೆ ಹಾಕ್ಕೊಂಡು ಬನ್ನಿ ಅಂದ್ರು. ತಂದು ಟೇಬಲ್ ಮೇಲೆ ಸುರಿದ್ವಿ. ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿರೋ ಹೆಸ್ರು ಓದ್ತಾ ಹೋದ್ರು, ಎರಡು ಸ್ಟ್ರಿಪ್ ಪಕ್ಕಕ್ಕಿಟ್ಟು ನೋಡಿ ಅಂದ್ರು. ಕಂಪನಿ ಬೇರೆ, ಬಣ್ಣ ಬೇರೆ, ಎರಡರಲ್ಲೂ ಇದ್ದಿದ್ದು ಆಮ್ಲೋಡಿಪಿನ್ ಅನ್ನೋ ಒಂದೇ ಬಿಪಿ ಔಷಧಿ! ಹಳೇದೊಂದು, ಆಸ್ಪತ್ರೆಯವ್ರು ಕೊಟ್ಟಿದ್ದೊಂದು, ಅಪ್ಪ ಎರಡನ್ನೂ ನಿಯತ್ತಾಗಿ ನುಂಗ್ತಾ ಇದ್ರು. ಆಮ್ಲೋಡಿಪಿನ್ ಡೋಸ್ ಜಾಸ್ತಿ ಆದಷ್ಟೂ ಪಾದ ಊದೋ ಚಾನ್ಸ್ ಜಾಸ್ತಿಯಂತೆ. ಒಂದು ಸ್ಟ್ರಿಪ್ ನಿಲ್ಸಿದ್ರು, ಊತಕ್ಕೆ ಕೊಟ್ಟಿದ್ದ ಮಾತ್ರೆನೂ ನಿಲ್ಸಿದ್ರು, ಕೆಲವು ವಾರದಲ್ಲಿ ಚಪ್ಪಲಿ ಸರಿಯಾಗಿ ಹಿಡಿಯೋ ಹಾಗಾಯ್ತು. ಸ್ಕ್ಯಾನ್ ಇಲ್ಲ, ಸ್ಪೆಷಲಿಸ್ಟ್ ಇಲ್ಲ. ಇದನ್ನ ನಾನು ಎಲ್ರಿಗೂ ಹೇಳ್ತಾ ಇರ್ತೀನಿ.

ಶುಗರ್ ಇರೋವ್ರಿಗೂ ಹಾಗೇ, ಬರೀ ಆ ದಿನದ ರೀಡಿಂಗ್ ನೋಡಿ ಕಳಿಸಲ್ಲ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸ್ತಾರೆ, ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳತ್ತೆ, ಹಿಂದಿನ ದಿನ ಪಥ್ಯ ಮಾಡಿ ಹೋದ್ರೆ ನಡಿಯಲ್ಲ. ಸಾಕ್ಸ್ ಬಿಚ್ಚಿಸಿ, ಕಣ್ಮುಚ್ಚಿಸಿ, ನೈಲಾನ್ ಎಳೆ ಥರದ್ದೊಂದನ್ನ ಪಾದಕ್ಕೆ ಮುಟ್ಸಿ ಗೊತ್ತಾಗತ್ತಾ ಅಂತ ಕೇಳ್ತಾರೆ. ಅಮ್ಮ ಕಾಲು ಜುಮ್ ಅನ್ನತ್ತೆ ಅಂದಾಗ ಶುಗರ್ ಅಂದ್ರೆ ಹಂಗೇ ಅಂತ ತಳ್ಳಿ ಹಾಕ್ದೇ ರಕ್ತದಲ್ಲಿ ವಿಟಮಿನ್ ಬಿ12 ನೋಡಿದ್ರು, ತುಂಬಾ ವರ್ಷ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡ್ರೆ ಬಿ12 ಕಮ್ಮಿ ಆಗ್ಬಹುದಂತೆ, ಆಗಿತ್ತು ಕೂಡ.

ಮಗಳಿಗೆ ನೆಗಡಿ ಕೆಮ್ಮು ಅಂತ ಹೋದ್ರೆ ಆಂಟಿಬಯಾಟಿಕ್ ಕೊಡಲ್ಲ. ವೈರಸ್‌ಗೆ ಅದು ಕೆಲಸ ಮಾಡಲ್ಲ ಅಂತ ತಾಳ್ಮೆಯಿಂದ ಹೇಳ್ತಾರೆ, ಆದ್ರೆ ಅಷ್ಟಕ್ಕೇ ಬಿಡಲ್ಲ, ಉಸಿರು ಜೋರಾದ್ರೆ, ಪಕ್ಕೆ ಒಳಗೆ ಎಳ್ಕೊಂಡ್ರೆ, ನೀರು ಕುಡೀದೇ ಮಂಕಾದ್ರೆ, ಮೂತ್ರ ಕಮ್ಮಿಯಾದ್ರೆ ತಕ್ಷಣ ಬನ್ನಿ ಅಂತ ಚೀಟಿ ಮೇಲೆ ಬರ್ದೂ ಕೊಡ್ತಾರೆ. ಔಷಧಿ ಕೊಡ್ದೇ ಕಳಿಸಿದ್ರು ಅಂತ ಇಲ್ಲಿ ಕೆಲವ್ರು ಒಂದು ಸ್ಟಾರ್ ಹಾಕಿದಾರೆ, ಅದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಇದೆಲ್ಲಾ ಆಗೋದು ಒಬ್ರೇ ಡಾಕ್ಟರ್ ವರ್ಷಾನುಗಟ್ಲೆ ನೋಡ್ತಾ ಇರೋದ್ರಿಂದ. 2018ರಲ್ಲಿ ಬಿಎಂಜೆ ಓಪನ್ ಅನ್ನೋ ಜರ್ನಲ್‌ನಲ್ಲಿ 22 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಅದ್ರಲ್ಲಿ 18ರಲ್ಲಿ ಒಬ್ರೇ ಡಾಕ್ಟರ್ ಹತ್ರ ಹೋಗ್ತಾ ಇರೋರಲ್ಲಿ ಸಾವು ಕಮ್ಮಿ ಅಂತ ಬಂದಿದೆ. ಈಗ ಇಲ್ಲಿ ಹೊಸ ಡಾಕ್ಟರುಗಳು ಬಂದು ಹೋಗೋದು ಜಾಸ್ತಿ ಆಗಿದೆ, ಅವ್ರು ಫೈಲ್ ಓದ್ಕೊಂಡೇ ನೋಡ್ತಾರೆ, ತಪ್ಪು ಹೇಳಲ್ಲ, ಆದ್ರೆ ಬಿಪಿ ಶುಗರ್ ಇರೋ ವಯಸ್ಸಾದವ್ರಿಗೆ ಪ್ರತಿ ಸಲ ಬೇರೆ ಮುಖ ತೋರಿಸ್ಬೇಡಿ ಅಂತ ನನ್ನ ಕೋರಿಕೆ.

ಇನ್ನು ಕೌಂಟರ್. ಬೆಳಿಗ್ಗೆ ಫೋನ್ ಮಾಡಿದ್ರೆ ಬಿಜಿ ಬಿಜಿ ಬಿಜಿ, ಸಿಕ್ಕಾಗ ಟೋಕನ್ ಮುಗ್ದಿರತ್ತೆ. ಅದನ್ನ ಹೇಗೋ ಸಹಿಸ್ಕೋಬಹುದು. ಸಹಿಸ್ಕೊಳ್ಳೋಕಾಗದೇ ಇರೋದು, ಏನ್ ಪ್ರಾಬ್ಲಂ ಅಂತ ಎಲ್ರ ಮುಂದೆ ಜೋರಾಗಿ ಕೇಳೋದು. ನನ್ನ ಹಿಂದೆ ನಿಂತಿದ್ದ ಒಂದು ಹುಡುಗಿ ಆ ಪ್ರಶ್ನೆ ಕೇಳಿದ್ದೇ ಏನೂ ಹೇಳ್ದೇ ವಾಪಸ್ ಹೋದ್ಲು. ಅವಳಿಗೆ ಒಳಗಡೆ ಎಷ್ಟು ಒಳ್ಳೇ ಡಾಕ್ಟರ್ ಇದ್ರೂ ಏನು ಪ್ರಯೋಜನ? ಕೌಂಟರ್ ಹುಡುಗ್ರೂ ಕೆಟ್ಟವ್ರಲ್ಲ, ಒಂದೇ ಕೈಲಿ ಫೋನು, ಬಿಲ್ಲು, ಕ್ಯೂ ಎಲ್ಲಾ ನೋಡ್ಬೇಕು. ಇನ್ನೊಬ್ರನ್ನ ಹಾಕಿ, ಮಾತಾಡೋಕೆ ಒಂದು ಮೂಲೆ ಮಾಡಿಕೊಡಿ.

ರಿಪೋರ್ಟ್ ವಿಷ್ಯಾನೂ ಹಾಗೇ. ತೊಂದ್ರೆ ಇದ್ರೆ ನಾವೇ ಫೋನ್ ಮಾಡ್ತೀವಿ, ಇಲ್ಲಾಂದ್ರೆ ನಾರ್ಮಲ್ ಅನ್ಕೊಳ್ಳಿ ಅಂತಾರೆ. ಅಮ್ಮಂದು ಹಳೇ ನಂಬರ್ ಇತ್ತು, ಬಿ12 ರಿಪೋರ್ಟ್ ಅಲ್ಲೇ ಬಿದ್ದಿತ್ತು, ಮೇಡಂ ಮುಂದಿನ ಸಲ ಫೈಲ್ ತೆಗೆದಾಗ್ಲೇ ಗೊತ್ತಾಗಿದ್ದು. ಹೇಳಿದ್ಮೇಲೆ ಅವ್ರು ನೇರವಾಗಿ ಸಾರಿ ಕೇಳಿದ್ರು, ನಂಬರ್ ಅಲ್ಲೇ ಬದಲಾಯಿಸಿದ್ರು, ಆದ್ರೆ ಪದ್ಧತಿ ಮಾತ್ರ ಇನ್ನೂ ಹಾಗೇ ಇದೆ. ನಾರ್ಮಲ್ ಇದ್ರೂ ಒಂದು ಮೆಸೇಜ್ ಹಾಕಿ ದಯವಿಟ್ಟು.

ಹೊಸದಾಗಿ ಹೋಗೋರು ಫೋನ್ ನಂಬರ್ ಸರಿಯಾಗಿದ್ಯಾ ಅಂತ ಪ್ರತಿ ಸಲ ಕೇಳಿ, ಟೆಸ್ಟ್ ಕೊಟ್ಟಿದ್ರೆ ನೀವೇ ಹೋಗಿ ರಿಪೋರ್ಟ್ ತಗೊಳ್ಳಿ, ಮನೇಲಿರೋ ಮಾತ್ರೆ ಎಲ್ಲಾ, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಂದಿದ್ದೂ ಸೇರಿಸಿ, ಕವರ್‌ಗೆ ಹಾಕ್ಕೊಂಡು ಹೋಗಿ.