ಕೋಲಾರದ ಸೂಪರ್‌ವೈಸರ್ ತರಬೇತಿ: ಮೊದಲ ದಿನಕ್ಕೆ ದುಡ್ಡು ವಸೂಲು, ಎರಡನೇ ದಿನಕ್ಕೆ ಅಲ್ಲ

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳ ಲೈನ್ ಲೀಡರ್‌ಗಳಿಗೆ, ಶಿಫ್ಟ್ ಇನ್‌ಚಾರ್ಜ್‌ಗಳಿಗೆ ಕೋಲಾರದಲ್ಲಿ ಖಾಸಗಿ ಸಂಸ್ಥೆಯೊಂದು ಎರಡು ದಿನದ ತರಬೇತಿ ಕೊಡುತ್ತದೆ. ಸಂದರ್ಭಕ್ಕೆ ತಕ್ಕಂತೆ ಆಡಳಿತದ ಶೈಲಿ ಬದಲಿಸುವುದು ವಿಷಯ. ಪಾಠ ಕನ್ನಡದಲ್ಲಿ, ನಡುನಡುವೆ ತೆಲುಗು. ಕೋಲಾರದಲ್ಲಿ ಹೀಗೇ ಇರಬೇಕು. ಊಟ ಚೆನ್ನಾಗಿದೆ, ಹಾಲ್‌ನಲ್ಲಿ ಫ್ಯಾನ್ ಸದ್ದು ಜಾಸ್ತಿ. ಅದನ್ನು ಅಲ್ಲಿಗೇ ಬಿಡೋಣ.

ಮೊದಲ ದಿನ ಪೂರ್ತಿ ನಿಂತಿರುವುದು ಅಮೆರಿಕದ ಆಡಳಿತ ತಜ್ಞರಾದ ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಮಾದರಿಯ ಮೇಲೆ. ಅದರಲ್ಲಿ ನಾಲ್ಕು ಶೈಲಿ: ಹೇಳಿ ಮಾಡಿಸುವುದು, ವಿವರಿಸಿ ಒಪ್ಪಿಸುವುದು, ಜೊತೆಗೆ ಕೂತು ನಿರ್ಧರಿಸುವುದು, ಪೂರ್ತಿ ಬಿಟ್ಟುಕೊಡುವುದು. ಇದನ್ನು ಸ್ಲೈಡ್ ಹಾಕಿ ಓದಿಸುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿನ ಹೆಚ್ಚುಗಾರಿಕೆ ಇರುವುದು ಒಂದು ವರ್ಕ್‌ಶೀಟ್‌ನಲ್ಲಿ. ಆಳಿನ ಹೆಸರು ಬರೆದು ಪಕ್ಕದಲ್ಲಿ ಶೈಲಿ ಬರೆಯುವ ಹಾಗಿಲ್ಲ. ಹೆಸರಿನ ಕೆಳಗೆ ಅವನು ಮಾಡುವ ಕೆಲಸಗಳನ್ನು ಒಂದೊಂದಾಗಿ ಬರೆದು, ಪ್ರತಿ ಕೆಲಸಕ್ಕೂ ಶೈಲಿ ಬೇರೆಯಾಗಿ ಗುರುತಿಸಬೇಕು.

ಕೊಟ್ಟಿರುವ ಉದಾಹರಣೆ ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ಒತ್ತಿ ತುಂಬುವ) ಆಪರೇಟರ್‌ದು. ಪೀಸ್ ತೆಗೆದು ಗೇಟ್ (ಅಂಟಿಕೊಂಡ ಹೆಚ್ಚುವರಿ ಪ್ಲಾಸ್ಟಿಕ್) ಕತ್ತರಿಸುವುದರಲ್ಲಿ ಅವನದು ಪಳಗಿದ ಕೈ, ಅಲ್ಲಿ ಬಿಟ್ಟುಕೊಡಿ. ಶಾರ್ಟ್ ಶಾಟ್ (ಅಚ್ಚು ಪೂರ್ತಿ ತುಂಬದ ಪೀಸ್) ಬಂದರೆ ಪ್ರೆಷರ್ ಏರಿಸಬೇಕೋ ಪ್ಲಾಸ್ಟಿಕ್ ಕರಗುವ ಬ್ಯಾರೆಲ್ ಬಿಸಿ ನೋಡಬೇಕೋ ಅನ್ನುವಲ್ಲಿ ಜೊತೆಗೆ ಕೂತು ನಿರ್ಧರಿಸಿ. ಮೋಲ್ಡ್ ಬದಲಿಸುವುದನ್ನು ಅವನು ಮಾಡಿಯೇ ಇಲ್ಲ, ಆದ್ದರಿಂದ ಹೇಳಿ ಮಾಡಿಸಿ: ಕ್ಲಾಂಪ್ ಬೋಲ್ಟ್ ಬಿಗಿ ಮಾಡು, ನೀರಿನ ಹೋಸ್ ಜೋಡಿಸು, ಪೀಸ್ ಹೊರತಳ್ಳುವ ಎಜೆಕ್ಟರ್‌ನ ಸ್ಟ್ರೋಕ್ ನೋಡು, ಖಾಲಿ ಮೋಲ್ಡ್ ನಿಧಾನಕ್ಕೆ ತೆರೆದು ಮುಚ್ಚು, ಮೊದಲ ಪೀಸ್ ಕ್ವಾಲಿಟಿಯವರು ಪಾಸ್ ಮಾಡುವ ತನಕ ಆಟೋಗೆ ಹಾಕಬೇಡ. ಒಬ್ಬನೇ ಆಳು, ಒಂದೇ ಶಿಫ್ಟ್, ಮೂರು ಶೈಲಿ. ಅನುಭವಸ್ಥ ಸೂಪರ್‌ವೈಸರ್‌ಗಳೂ ಎಡವುವುದು ಇಲ್ಲೇ. 'ಅವನು ಸೀನಿಯರ್' ಎಂದು ಹಣೆಪಟ್ಟಿ ಹಚ್ಚಿ, ಹೊಸ ಪಾರ್ಟ್ ಬಂದ ದಿನವೂ ಅವನ ಪಾಡಿಗೆ ಬಿಟ್ಟುಬಿಡುತ್ತಾರೆ. ಸ್ಕ್ರಾಪ್ ಡಬ್ಬ ತುಂಬಿದ ಮೇಲೆ ಕೂಗಾಡುತ್ತಾರೆ.

ಕೆಲಸ ಕೆಟ್ಟಾಗ ಒಂದೇ ಮೆಟ್ಟಿಲು ಹಿಂದೆ ಬನ್ನಿ, ಪೂರ್ತಿ ಬಿಟ್ಟಿದ್ದವನ ಮೇಲೆ ಏಕಾಏಕಿ ಹುಕುಂ ಚಲಾಯಿಸಬೇಡಿ ಎಂಬುದನ್ನೂ ಪಾತ್ರ ಕೊಟ್ಟು ಆಡಿಸಿ ತೋರಿಸುತ್ತಾರೆ. ಬೆಂಕಿ, ಗ್ಯಾಸ್ ಸೋರಿಕೆ, ಕೈ ಸಿಕ್ಕಿಕೊಂಡಂಥ ಹೊತ್ತಿನಲ್ಲಿ ಈ ಲೆಕ್ಕಾಚಾರವೆಲ್ಲ ಬದಿಗೆ, ಎಲ್ಲರಿಗೂ ಒಂದೇ ಆಜ್ಞೆ. ಈ ಮಾತನ್ನು ಅವರು ಹೇಳುವುದೇ ಇಲ್ಲ. ಹೇಳಬೇಕಿತ್ತು.

ಕೈಪಿಡಿಯಲ್ಲಿ ಒಂದು ದೊಡ್ಡ ಎಡವಟ್ಟಿದೆ. ಮುಂದೆ ಹರ್ಸಿ, ಬ್ಲಾಂಚರ್ಡ್ ಇಬ್ಬರ ದಾರಿ ಬೇರೆಯಾಯಿತು. ಹರ್ಸಿಯ ಆವೃತ್ತಿಯಲ್ಲಿ ಹೊಸಬನಿಗೆ ಕೆಲಸವೂ ಬಾರದು, ಧೈರ್ಯವೂ ಇಲ್ಲ. ಬ್ಲಾಂಚರ್ಡ್ ಆವೃತ್ತಿಯಲ್ಲಿ ಕೆಲಸ ಬಾರದು, ಆದರೆ ಹುರುಪು ತುಂಬಿರುತ್ತದೆ; ಅದು ಕುಸಿಯುವುದು ಎರಡನೇ ಹಂತದಲ್ಲಿ. ಕೈಪಿಡಿಯ ಒಂದು ಕೋಷ್ಟಕ ಹರ್ಸಿಯದನ್ನು ಹೇಳಿದರೆ ಪಕ್ಕದ ಪುಟದ್ದು ಬ್ಲಾಂಚರ್ಡ್‌ದನ್ನು ಹೇಳುತ್ತದೆ. ಅಭ್ಯಾಸ ಮಾಡುವಾಗ ಅರ್ಧ ಟೇಬಲ್ ಒಂದು ಉತ್ತರ, ಇನ್ನರ್ಧ ಇನ್ನೊಂದು. ಯಾವುದಾದರೂ ಒಂದನ್ನು ಹಿಡಿಯಬೇಕು. ಮೊದಲ ವಾರ ಓಡಾಡಿ ದುಡಿದು, ಮೊದಲ ಸಂಬಳದ ಹೊತ್ತಿಗೆ ಮಂಕಾಗುವ ಕಾಂಟ್ರಾಕ್ಟ್ ಹುಡುಗರೇ ಹೆಚ್ಚಿರುವ ಲೈನ್‌ಗಳಿಗೆ ಬ್ಲಾಂಚರ್ಡ್ ಆವೃತ್ತಿಯೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಮಾತು: ಅಮೆರಿಕದ ಹೈಸ್ಕೂಲ್ ಶಿಕ್ಷಕರ ಮೇಲೆ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾದರಿ ಚೆನ್ನಾಗಿ ಹೊಂದಿದ್ದು ಹೊಸಬರ ವಿಷಯದಲ್ಲಿ, ಪಳಗಿದವರ ವಿಷಯದಲ್ಲಿ ಪುರಾವೆ ತೆಳು. ತರಬೇತುದಾರರು ಮಾತ್ರ ಇದನ್ನು ವೇದವಾಕ್ಯದಂತೆ ಹೇಳುತ್ತಾರೆ.

ಎರಡನೇ ದಿನ ಮಧ್ಯಾಹ್ನದ ಮೇಲೆ ಸಂಘಟನೆಯ ರಚನೆಯ ಪಾಠ. ಅದು ಗಡಿಬಿಡಿಯದು, ಜೊತೆಗೆ ಅರ್ಧ ತಪ್ಪು. 'ಅಧಿಕಾರದ ಹಂತಗಳನ್ನು ಕಡಿಮೆ ಮಾಡಿ' ಎಂದು ಎಲ್ಲರಿಗೂ ಒಂದೇ ಔಷಧಿ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಜೋನ್ ವುಡ್‌ವರ್ಡ್ 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ 100 ಕಾರ್ಖಾನೆಗಳನ್ನು ನೋಡಿ ಕಂಡುಕೊಂಡಿದ್ದು ಬೇರೆಯೇ. ಬಿಡಿಯಾಗಿ, ಆರ್ಡರ್ ಪ್ರಕಾರ ತಯಾರಿಸುವಲ್ಲಿ ಒಬ್ಬ ಸೂಪರ್‌ವೈಸರ್ ಕೈಕೆಳಗೆ ಸುಮಾರು 23 ಜನ, ದೊಡ್ಡ ಪ್ರಮಾಣದ ಜೋಡಣೆಯಲ್ಲಿ ಸುಮಾರು 48, ನಿರಂತರವಾಗಿ ಹರಿಯುವ ಉತ್ಪಾದನೆಯಲ್ಲಿ ಸುಮಾರು 15. ಹಂತಗಳು ಅತಿ ಹೆಚ್ಚು ಇದ್ದದ್ದು ಈ ಕೊನೆಯದರಲ್ಲೇ, ಅದೂ ಚೆನ್ನಾಗಿ ನಡೆಯುತ್ತಿದ್ದ ಕಡೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಕೆಜಿಎಫ್‌ನ ಬಿಇಎಂಎಲ್ ಭಾರಿ ಯಂತ್ರ, ನರಸಾಪುರದ ಹೋಂಡಾ ದ್ವಿಚಕ್ರ ವಾಹನ, ಹಾಲು ಒಕ್ಕೂಟದ ಡೇರಿ: ಮೂರು ಬಗೆಯೂ ಒಂದೇ ಜಿಲ್ಲೆಯಲ್ಲಿವೆ. ಸ್ಲೈಡ್‌ನಲ್ಲಿ ಇರುವುದು ಮಾತ್ರ ಅಮೆರಿಕದ ಸಾಫ್ಟ್‌ವೇರ್ ಕಂಪನಿ.

ಅದಕ್ಕಿಂತ ಬೇಸರದ ಸಂಗತಿ, ನರಸಾಪುರದಲ್ಲೇ ನಡೆದದ್ದನ್ನು ಬಿಟ್ಟಿರುವುದು. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಕಾರ್ಮಿಕರ ದಾಂಧಲೆಯಾಯಿತು. ಕಾರ್ಖಾನೆ ಇಲಾಖೆಯ ವರದಿಯ ಪ್ರಕಾರ ಅಲ್ಪ ಕಾಲದಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಎಚ್‌ಆರ್ ವಿಭಾಗ ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಹಾಜರಾತಿ ದಾಖಲೆಯಲ್ಲಿ ದೋಷ, ಸಂಬಳದಲ್ಲಿ ವ್ಯತ್ಯಾಸ. ಜನ ದುಪ್ಪಟ್ಟಾದಾಗ ಹಳೆಯ ರಚನೆ ಹೇಗೆ ಮುರಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕೆ?

ಕಾಂಟ್ರಾಕ್ಟ್ ಕಾರ್ಮಿಕರ ವಿಷಯದಲ್ಲೂ ತರಬೇತಿ ಜಾರಿಕೊಳ್ಳುತ್ತದೆ. ಕೆಲಸ ಹೇಳುವವನು ಲೈನ್ ಲೀಡರ್. ರಜೆ, ಓಟಿ, ಸಂಬಳದ ಲೆಕ್ಕ ಗುತ್ತಿಗೆದಾರನ ಸೂಪರ್‌ವೈಸರ್ ಕೈಯಲ್ಲಿ. ಹುಡುಗ ಮಂಕಾಗಿದ್ದಾನೆ ಎಂದು ಗುರುತಿಸುವುದನ್ನು ಲೈನ್ ಲೀಡರ್ ಕಲಿತು ಬಂದರೂ, ಮಂಕಾಗಲು ಕಾರಣವಾದ ಓಟಿ ಬಾಕಿಯನ್ನು ಅವನು ಮುಟ್ಟುವ ಹಾಗಿಲ್ಲ. ಅವನ ಕೈಗೆ ಕನಿಷ್ಠ ಎರಡು ಅಧಿಕಾರ ಬೇಕು: ದೋಷ ಕಂಡರೆ ಲೈನ್ ನಿಲ್ಲಿಸುವುದು, ಹಾಜರಾತಿ ತಕರಾರನ್ನು ಅದೇ ಶಿಫ್ಟ್‌ನಲ್ಲಿ ಬರೆದು ಎಚ್‌ಆರ್‌ಗೆ ಕಳಿಸುವುದು. ಅವನ್ನು ಕೊಡಬೇಕಾದವರು ಮಾಲೀಕರು, ಪ್ಲಾಂಟ್ ಮ್ಯಾನೇಜರ್‌ಗಳು. ಅವರು ಈ ಕೋಣೆಯಲ್ಲಿ ಇರುವುದಿಲ್ಲ.

ಹೊಸದಾಗಿ ಲೈನ್ ಲೀಡರ್ ಆದವರನ್ನು ಕಣ್ಣು ಮುಚ್ಚಿ ಕಳಿಸಬಹುದು. ಒಂದೇ ಘಟಕದಿಂದ ಇಬ್ಬರನ್ನಾದರೂ ಕಳಿಸಿ, ವಾಪಸ್ ಬಂದ ಮೇಲೆ ವರ್ಕ್‌ಶೀಟ್ ಹೋಲಿಸಿ ನೋಡಲಿ. ಬ್ಯಾಚ್ 20 ಮೀರಿದರೆ ಆಡಿಸಿ ತೋರಿಸುವ ಭಾಗಕ್ಕೆ ಎಲ್ಲರ ಸರದಿ ಬರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಪ್ಲಾಂಟ್ ಮ್ಯಾನೇಜರ್‌ಗಳಿಗೆ ಇದು ಸಾಲದು. ಮೊದಲ ದಿನವನ್ನಷ್ಟೇ ನಿಮ್ಮ ಶಾಪ್ ಫ್ಲೋರ್‌ನಲ್ಲೇ, ನಿಮ್ಮದೇ ಮೆಷಿನ್ ಮುಂದೆ ನಡೆಸಿಕೊಡುತ್ತಾರಾ ಎಂದು ವಿಚಾರಿಸಿ. ಒಪ್ಪಿದರೆ ಎರಡನೇ ದಿನದ ದುಡ್ಡು ಉಳಿಯುತ್ತದೆ.