ಡ್ವಾರ್ಫ್ ಕಪ್ಪೆಗಳ ಟ್ಯಾಂಕಿಗೆ ಯಾವ ಫಿಲ್ಟರ್? ಸ್ಪಂಜ್, ಹ್ಯಾಂಗ್-ಆನ್, ಇಂಟರ್ನಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸ್ಪಂಜ್ ಫಿಲ್ಟರಿಗೆ, ಅಂದರೆ ಗಾಳಿಪಂಪಿನ ಗುಳ್ಳೆಗಳ ಬಲದಿಂದ ಸ್ಪಂಜಿನ ಮೂಲಕ ನೀರೆಳೆಯುವ ಬಗೆಗೆ. 40 ಲೀಟರ್ ಟ್ಯಾಂಕು, ಅದರಲ್ಲಿ ನಾಲ್ಕೈದು ಆಫ್ರಿಕನ್ ಡ್ವಾರ್ಫ್ ಕಪ್ಪೆಗಳು, ಮೂರೂ ಬಗೆಯ ಫಿಲ್ಟರ್ ಓಡಿಸಿ ನೋಡಿದ ಮೇಲೆ ಬರೆಯುತ್ತಿರುವುದು ಇದು. ಗಂಟೆಗೆ ಎಷ್ಟು ಲೀಟರ್, ಎಷ್ಟು ವ್ಯಾಟ್ ಎಂಬುದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಬಿಡೋಣ. ಮೀನಿಗೆ ಒಗ್ಗಿದ ಫಿಲ್ಟರ್ ಕಪ್ಪೆಗೂ ಒಗ್ಗುತ್ತದೆ ಎಂದುಕೊಂಡು ತಂದರೆ ಕೆಲಸ ಕೆಡುತ್ತದೆ.

ಕಾರಣ ಕಪ್ಪೆಯ ಮೈಯಲ್ಲೇ ಇದೆ. ಇಡೀ ಜೀವನ ನೀರಲ್ಲೇ ಕಳೆದರೂ ಬೆಳೆದ ಕಪ್ಪೆಗೆ ಕಿವಿರಿಲ್ಲ, ಇರುವುದು ಶ್ವಾಸಕೋಶ. ಆಗಾಗ ಮೇಲೆ ಬಂದು ಗಾಳಿ ಎಳೆದುಕೊಂಡು ಹೋಗಬೇಕು. ಕಣ್ಣು ಮಂದ, ನಾಲಿಗೆ ಇಲ್ಲ. ಆಹಾರವನ್ನು ವಾಸನೆಯಿಂದ ಹುಡುಕಿ, ಹತ್ತಿರ ಹೋಗಿ ಬಾಯಿ ತೆರೆದು ಹೀರಿಕೊಳ್ಳುತ್ತದೆ. ಈಜು ಅಷ್ಟಕ್ಕಷ್ಟೆ. ಆದರೆ ಸಂದು ಕಂಡರೆ ಅಲ್ಲಿಂದ ನುಸುಳುವ ವಿದ್ಯೆಯಲ್ಲಿ ಮಾತ್ರ ಪಳಗಿದ ಪ್ರಾಣಿ. (ತಂದ ಕಪ್ಪೆಯ ಮುಂಗಾಲಿನ ಬೆರಳುಗಳ ನಡುವೆ ಜಾಲಪೊರೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಡ್ವಾರ್ಫ್ ಅಲ್ಲ, ಜೆನೋಪಸ್ ಎಂಬ ಉಗುರುಳ್ಳ (ಕ್ಲಾಡ್) ಕಪ್ಪೆಯ ಮರಿ. ಹೆಣ್ಣು 10 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಆಗ ಇಲ್ಲಿನ ಲೆಕ್ಕ ಯಾವುದೂ ನಡೆಯದು.)

ಹ್ಯಾಂಗ್-ಆನ್ ಫಿಲ್ಟರಿನಿಂದಲೇ ಶುರು ಮಾಡೋಣ, ಯಾಕೆಂದರೆ ಹೆಚ್ಚಿನ ಸೆಟ್‌ಗಳ ಜೊತೆ ಬರುವುದು ಅದೇ. ನೀರು ತಿಳಿಗೊಳಿಸುವುದರಲ್ಲಿ ಅದಕ್ಕೆ ಕುಂದು ಹೇಳುವಂತಿಲ್ಲ. ತೇಲುವ ಪುಡಿಕಸ ಹಿಡಿಯುವುದರಲ್ಲಿ ಸ್ಪಂಜ್ ಅದರ ಹತ್ತಿರಕ್ಕೂ ಬರದು. ತಕರಾರು ಇರುವುದು ಅದು ಕೂರುವ ಜಾಗದಲ್ಲಿ. ಹಿಂಬದಿ ಗಾಜಿನ ಅಂಚಿಗೆ ಅದನ್ನು ತೂಗುಹಾಕಬೇಕಾದರೆ ಮುಚ್ಚಳವನ್ನು ಅಲ್ಲಿ ಕತ್ತರಿಸಬೇಕು. ಫಿಲ್ಟರಿನ ಪೆಟ್ಟಿಗೆ ಆ ಕಿಂಡಿಯನ್ನು ಪೂರ್ತಿ ತುಂಬುವುದಿಲ್ಲ, ಎರಡೂ ಪಕ್ಕ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಡ್ವಾರ್ಫ್ ಕಪ್ಪೆಗೆ ಅದು ಧಾರಾಳವಾಯಿತು. ಉಸಿರಿಗೆಂದು ಮೇಲೆ ಚಿಮ್ಮಿದಾಗ ಹೀರುಕೊಳವೆಯ ಆಸರೆ ಸಿಕ್ಕರೆ ಮುಗಿಯಿತು. ಹೊರಗೆ ಬಿದ್ದ ಕಪ್ಪೆಯ ಚರ್ಮ ಬೇಗ ಒಣಗುತ್ತದೆ, ಹೆಚ್ಚು ಹೊತ್ತು ಬದುಕದು.

ಹಾಗಾದರೆ ನೀರಿನ ಮಟ್ಟ ಇಳಿಸಿದರಾಯಿತಲ್ಲ? ಇಳಿಸಲೇಬೇಕು, ನೀರಿಗೂ ಮುಚ್ಚಳಕ್ಕೂ ನಡುವೆ 4-5 ಸೆಂಟಿಮೀಟರ್ ಬೆಚ್ಚಗಿನ, ತೇವದ ಗಾಳಿ ಇದ್ದರೆ ಕಪ್ಪೆಗೂ ಒಳ್ಳೆಯದು. ಆದರೆ ಹ್ಯಾಂಗ್-ಆನ್‌ಗೆ ನೀರು ಅಂಚಿನವರೆಗೆ ಇರಬೇಕು. ಮಟ್ಟ ಇಳಿದಷ್ಟೂ ಅದರ ಬಾಯಿಂದ ನೀರು ಎತ್ತರದಿಂದ ಸುರಿಯುತ್ತದೆ: ರಾತ್ರಿಯಿಡೀ ಸದ್ದು, ಮುಚ್ಚಳದ ಮೇಲೆ ಸಿಡಿದ ಹನಿ, ಕಪ್ಪೆ ಉಸಿರಿಗೆ ಬರುವ ಜಾಗದಲ್ಲೇ ಅಲೆ. ಇನ್ನು ಕರೆಂಟ್ ಹೋಗಿ ಬಂತೆನ್ನಿ. ಮೋಟಾರ್ ಮೇಲ್ಭಾಗದಲ್ಲಿರುವ ಮಾದರಿಗಳಲ್ಲಿ ಕೊಳವೆಯ ನೀರು ಕೆಳಗಿಳಿದಿರುತ್ತದೆ, ಮತ್ತೆ ಮೇಲಕ್ಕೆ ಎಳೆಯಲಾಗದೆ ಮೋಟಾರ್ ಒಣಗಿ ಗುಂಯ್‌ಗುಡುತ್ತದೆ. ಪಂಪ್ ನೀರೊಳಗೇ ಮುಳುಗಿರುವ ಮಾದರಿಗಳಲ್ಲಿ ಈ ಕಾಟ ಕಡಿಮೆ.

ಸಂದಿಗೆ ಸ್ಪಂಜಿನ ತುಂಡು ತುರುಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆ ತುಂಡಿನ ಒಂದು ಮೂಲೆ ನೀರಿಗೆ ತಾಗಿ, ಇನ್ನೊಂದು ಗಾಜಿನ ಹೊರಗೆ ಇಳಿಬಿದ್ದಿದ್ದರೆ ಅದು ಬತ್ತಿಯ ಹಾಗೆ ನೀರು ಎಳೆದು ಟ್ಯಾಂಕಿನ ಹಿಂದೆ ತೊಟ್ಟಿಕ್ಕಿಸುತ್ತದೆ. ಮೇಜು ಉಬ್ಬಿದಾಗಲೇ ಗೊತ್ತಾಗುವುದು. 2-3 ಮಿಲಿಮೀಟರ್ ಕಣ್ಣಿನ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ಅಳತೆಗೆ ಕತ್ತರಿಸಿ ಕ್ಲಿಪ್ ಹಾಕುವುದು ಇದಕ್ಕಿಂತ ವಾಸಿ. ಆದರೆ ಅದರ ಮೇಲೆ ಗಡಸು ನೀರಿನ ಬಿಳಿ ಉಪ್ಪು ಕಟ್ಟುತ್ತದೆ, ಫಿಲ್ಟರ್ ತೊಳೆಯುವಾಗೆಲ್ಲ ಬಿಚ್ಚಬೇಕು, ಬಿಚ್ಚಿದ ಮೇಲೆ ನೆನಪಿಟ್ಟು ಮತ್ತೆ ಹಾಕಬೇಕು. ಇಷ್ಟಾದ ಮೇಲೂ ಒಂದು ದಾರಿ ಉಳಿಯಿತು. ನೀರು ಅಂಚಿನವರೆಗೆ ತುಂಬಿದ್ದರೆ ಕಪ್ಪೆ ಸುರಿಯುವ ಬಾಯಿಯನ್ನೇ ಹತ್ತಿ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಒಂದು ಕಪ್ಪೆ ಕಡಿಮೆ ಕಂಡರೆ ನೆಲ ಹುಡುಕುವ ಮೊದಲು ಫಿಲ್ಟರಿನ ಮುಚ್ಚಳ ತೆಗೆದು ನೋಡಿ.

ಸ್ಪಂಜ್ ಫಿಲ್ಟರಿಗೆ ಮುಚ್ಚಳದಲ್ಲಿ ಬೇಕಾದದ್ದು 6 ಮಿಲಿಮೀಟರಿನ ಒಂದು ತೂತು, ಗಾಳಿಯ ನಳಿಕೆ ಹೋಗುವಷ್ಟು. ನನ್ನ ತೀರ್ಮಾನದ ಮುಕ್ಕಾಲು ಭಾಗ ಈ ತೂತಿನಲ್ಲೇ ಇದೆ.

ಇಂಟರ್ನಲ್ ಫಿಲ್ಟರ್ ಮೋಟಾರ್ ಸಮೇತ ನೀರೊಳಗೇ ಕೂರುವುದರಿಂದ ಮುಚ್ಚಳದ ತಂಟೆಗೆ ಬರುವುದಿಲ್ಲ. ಅದರ ದೋಷ ಬೇರೆ. ಗಾಜಿಗೆ ಅಂಟುವ ರಬ್ಬರ್ ಕಪ್‌ಗಳಿಂದಾಗಿ ಹಿಂದೆ ಒಂದೆರಡು ಸೆಂಟಿಮೀಟರ್ ಇಕ್ಕಟ್ಟು ಉಳಿಯುತ್ತದೆ. ಅಡಗಲು ಜಾಗ ಹುಡುಕುವ ಹೊಸ ಕಪ್ಪೆ ಅಲ್ಲಿ ನುಗ್ಗಿ ಸಿಕ್ಕಿಬಿದ್ದರೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಕಪ್ಪೆ ನೀರಲ್ಲಿ ಮುಳುಗಿ ಸಾಯುವುದೇ ಎಂದು ನಗಬೇಡಿ, ಅದಕ್ಕಿರುವುದು ಶ್ವಾಸಕೋಶ. ಹೀರುವ ಸೀಳುಗಳಿಗೆ ಬಳಲಿದ ಕಪ್ಪೆಯ ಕಾಲು ಅಂಟಿಕೊಳ್ಳುವುದೂ ಉಂಟು. ಒರಟು ಸ್ಪಂಜಿನ ಕವಚ ತೊಡಿಸಿದರೆ ಅದು ನಿಲ್ಲುತ್ತದೆ. ಬಳಸಲೇಬೇಕಿದ್ದರೆ ಹಿಂದಿನ ಇಕ್ಕಟ್ಟನ್ನು ಸ್ಪಂಜಿನಿಂದ ಪೂರ್ತಿ ಮುಚ್ಚಿ, ನೀರು ಚಿಮ್ಮುವ ಮೂತಿಯನ್ನು ಗಾಜಿನ ಕಡೆಗೆ ತಿರುಗಿಸಿ.

ಆಹಾರ ಹಾಕುವ ಹೊತ್ತಿನಲ್ಲಿ ಮೂರರ ಬಣ್ಣವೂ ಬಯಲಾಗುತ್ತದೆ. ಕರಗಿಸಿದ ಫ್ರೋಜನ್ ಬ್ಲಡ್‌ವರ್ಮ್ ಎಂಬ ಕೆಂಪು ಹುಳುವನ್ನು ಪಿಪೆಟ್‌ನಲ್ಲಿ ಎಳೆದು ತಳದಲ್ಲಿಟ್ಟ ಸಣ್ಣ ಮಣ್ಣಿನ ತಟ್ಟೆಯ ಮೇಲೆ ಬಿಟ್ಟರೆ ಕಪ್ಪೆಗೆ ಅದು ಗೊತ್ತಾಗಲು ಕೆಲವು ನಿಮಿಷ ಬೇಕು. ಮೋಟಾರ್ ಫಿಲ್ಟರ್ ಓಡುತ್ತಿದ್ದರೆ ಅಷ್ಟರಲ್ಲಿ ಹುಳು ಚೆದುರಿ ಮೂಲೆ ಸೇರಿರುತ್ತದೆ, ವಾಸನೆ ನೀರೆಲ್ಲ ಹರಡಿ ಕಪ್ಪೆ ದಿಕ್ಕು ತಪ್ಪುತ್ತದೆ. ಉಳಿದ ಹುಳು ಕೊಳೆತು ಕಪ್ಪೆಗೆ ವಿಷವಾದ ಅಮೋನಿಯಾ ಏರುತ್ತದೆ. ಹಾಗಾಗಿ 15-20 ನಿಮಿಷ ಫಿಲ್ಟರ್ ಆರಿಸಬೇಕು, ಆಮೇಲೆ ಹಾಕುವುದನ್ನು ಮರೆಯಬಾರದು. ಸ್ಪಂಜಿನ ಮೆಲ್ಲನೆಯ ಎಳೆತಕ್ಕೆ ತಟ್ಟೆಯ ಹುಳು ಅಲುಗುವುದಿಲ್ಲ. ಬೆಳೆದ ಕಪ್ಪೆಗೆ ದಿನ ಬಿಟ್ಟು ದಿನ ಸಾಕು.

ಸ್ಪಂಜಿನದೂ ತೊಂದರೆಗಳಿವೆ. ಗಾಳಿಪಂಪಿನ ಗುಂಯ್‌ಗುಟ್ಟುವಿಕೆ ಮೊದಲನೆಯದು. ಪಂಪಿನಡಿ ದಪ್ಪ ಫೋಮ್ ಇಟ್ಟು, ಗುಳ್ಳೆ ಏರುವ ಎತ್ತುಕೊಳವೆಯೊಳಗೆ ಏರ್ ಸ್ಟೋನ್ (ಸಣ್ಣ ರಂಧ್ರಗಳ ಕಲ್ಲು) ಹಾಕಿದರೆ ಗುಳ್ಳೆ ಸಣ್ಣದಾಗಿ ಸದ್ದು ಇಳಿಯುತ್ತದೆ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನಳಿಕೆಯಲ್ಲಿ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಲೇಬೇಕು, ಇಲ್ಲವಾದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ, ನೆಲದ ಮೇಲೆ. ವಾಲ್ವನ್ನು ತಿರುಗಾಮುರುಗಾ ಹಾಕಿದರೆ ಗಾಳಿಯೇ ಬರುವುದಿಲ್ಲ; ಸೇರಿಸುವ ಮುನ್ನ ಬಾಯಿಂದ ಊದಿ ದಿಕ್ಕು ನೋಡಿಕೊಳ್ಳಿ. ಕಪ್ಪೆ ನಡುವೆ ಸಿಕ್ಕಿಕೊಳ್ಳದ ಹಾಗೆ ಸ್ಪಂಜನ್ನು ಗಾಜಿನಿಂದ 3 ಸೆಂಟಿಮೀಟರಾದರೂ ದೂರ ಇಡಿ. ಗುಳ್ಳೆ ಇಡೀ ಮೇಲ್ಮೈ ಕುಲುಕುತ್ತಿದ್ದರೆ ಗಾಳಿ ಹೆಚ್ಚುಕಡಿಮೆ ಮಾಡುವ ವಾಲ್ವಿನಲ್ಲಿ (ಚೆಕ್ ವಾಲ್ವಿನಲ್ಲಿ ಅಲ್ಲ) ಗಾಳಿ ತಗ್ಗಿಸಿ. ಟ್ಯಾಂಕಿನ ಆಳ 30 ಸೆಂಟಿಮೀಟರಿನೊಳಗಿದ್ದರೆ ಕಪ್ಪೆಗಳು ಸ್ಪಂಜಿನ ತಲೆಯ ಮೇಲೆ ಕೂತು ಅಲ್ಲಿಂದ ಉಸಿರಿಗೆ ಹೋಗುತ್ತವೆ, ಇದು ಡಬ್ಬಿಯಲ್ಲಿ ಬರೆಯದ ಲಾಭ.

ಗುಳ್ಳೆ ನಿಧಾನವಾಯಿತೆಂದರೆ ಸ್ಪಂಜ್ ಕಟ್ಟಿಕೊಂಡಿರಬಹುದು. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಾಕಿ ಅದರಲ್ಲಿ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತದೆ. ಅಡುಗೆಮನೆಯ ಸಿಂಕ್ ಬೇಡವೇ ಬೇಡ: 2008ರಿಂದ 2011ರವರೆಗೆ ಅಮೆರಿಕದಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಿದಾಗ ಮೂಲ ಇದೇ ಡ್ವಾರ್ಫ್ ಕಪ್ಪೆಗಳೆಂದು ಪತ್ತೆಯಾಗಿತ್ತು, ಸೋಂಕು ತಗಲಿದವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳು. ಬಕೆಟ್ ಬೇರೆಯೇ ಇರಲಿ, ಕೈ ಸೋಪಿನಲ್ಲಿ ತೊಳೆಯಿರಿ.

ಯಾವ ಫಿಲ್ಟರೇ ಆಗಲಿ, ಹೊಸತರಲ್ಲಿ ಅದು ಬರಿಯ ಪ್ಲಾಸ್ಟಿಕ್. ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಹಿಡಿಯುತ್ತದೆ. ಕಪ್ಪೆ ಆಗಲೇ ಮನೆಗೆ ಬಂದಾಗಿದ್ದರೆ ದಿನಾ ನೀರನ್ನು ಟೆಸ್ಟ್ ಮಾಡಿ, ಅಮೋನಿಯಾ ಅಥವಾ ಅದರಿಂದ ಹುಟ್ಟುವ, ಅದೂ ವಿಷವೇ ಆದ ನೈಟ್ರೈಟ್ 0.25 ಪಿಪಿಎಂ (ಹತ್ತು ಲಕ್ಷದಲ್ಲಿ ಕಾಲು ಪಾಲು) ತೋರಿಸಿದ ದಿನವೇ ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ಕಾಲು ಭಾಗ ಬದಲಿಸಿ. 24ರಿಂದ 26 ಡಿಗ್ರಿ ಸೆಲ್ಸಿಯಸ್ ಸರಿಹೋಗುತ್ತದೆ.

ನನಗೆ ಸ್ಪಂಜ್ ಹಿಡಿಸಲು ನನ್ನ ಅಭ್ಯಾಸವೂ ಕಾರಣ. ವಾರಕ್ಕೊಮ್ಮೆ ನೀರು ಬದಲಿಸುವಾಗ ತಳದ ಕಸವನ್ನು ಪೈಪಿನಿಂದ ಎಳೆದುಬಿಡುತ್ತೇನೆ, ಹಾಗಾಗಿ ಪುಡಿಕಸ ಹಿಡಿಯದ ಅದರ ಕೊರತೆ ನನಗೆ ಕಾಡುವುದಿಲ್ಲ. ಹ್ಯಾಂಗ್-ಆನ್‌ಗೆ ಆಗಾಗ ಬದಲಿಸಬೇಕಾದ ಕಾರ್ಟ್ರಿಜ್ ಕೊಳ್ಳುತ್ತಲೇ ಇರುವುದಕ್ಕೆ ಮನಸ್ಸಿಲ್ಲ. ಪಂಪ್, ವಾಲ್ವ್, ನಳಿಕೆ ಎಲ್ಲ ಸೇರಿಸಿದರೂ ಮೂರರಲ್ಲಿ ಅಗ್ಗ ಇದೇ, ಉಳಿದ ಹಣ ಟೆಸ್ಟ್ ಕಿಟ್‌ಗೆ. ಗಾಜಿನಷ್ಟು ತಿಳಿನೀರೇ ಬೇಕು, ಪ್ರತಿ ಸಲ ಜಾಲರಿ ಬಿಚ್ಚಿ ಹಾಕುವ ತಾಳ್ಮೆಯೂ ಇದೆ ಎನ್ನುವವರು ಹ್ಯಾಂಗ್-ಆನ್ ತರಲಿ, ಪಂಪ್ ನೀರೊಳಗೆ ಮುಳುಗುವ ಮಾದರಿಯನ್ನೇ ತರಲಿ.

ಸ್ಪಂಜ್ ಕೊಳ್ಳುವುದಾದರೆ ಒಂದರ ಬದಲು ಎರಡು ಕೊಂಡು, ಎರಡನ್ನೂ ಅದೇ ಟ್ಯಾಂಕಿನಲ್ಲಿ ಓಡಿಸಿ. ಮುಂದೆ ಹೊಸ ಕಪ್ಪೆ ತಂದಾಗ ಅದನ್ನು ಕನಿಷ್ಠ ಒಂದು ತಿಂಗಳು ಬೇರೆ ಟಬ್ಬಿನಲ್ಲಿ ಇಡಬೇಕು, ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಹೊತ್ತು ಬಂದಿದ್ದರೆ ಹಳೆಯವಕ್ಕೂ ತಗಲುತ್ತದೆ. ಆಗ ಬ್ಯಾಕ್ಟೀರಿಯಾ ತುಂಬಿದ ಸ್ಪಂಜ್ ಒಂದನ್ನು ಎತ್ತಿ ಆ ಟಬ್ಬಿಗೆ ಹಾಕಿದರೆ ಮೊದಲ ದಿನದಿಂದಲೇ ಫಿಲ್ಟರ್ ಸಿದ್ಧ. ಅಲ್ಲಿಂದ ಅದನ್ನು ಮರಳಿ ದೊಡ್ಡ ಟ್ಯಾಂಕಿಗೆ ಮಾತ್ರ ತರಬೇಡಿ.